ನಕಲಿ ಗುಹೆಗೆ ಟಿಕೆಟ್

ನಮಸ್ಕಾರ. ಸ್ಪೇನಿನವರೆಗೆ ಹೋಗಿ ನಕಲಿ ಗುಹೆ ನೋಡಿಕೊಂಡು ಬಂದೆ ಎಂದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ ಬಿಡಿ.

ಗುಹೆಯ ಹೆಸರು ಆಲ್ತಮೀರಾ, ಆದಿಮಾನವರು ಸಾವಿರಾರು ವರ್ಷಗಳ ಹಿಂದೆ ಚಿತ್ರ ಬರೆದಿಟ್ಟ ಗುಹೆ. ಸ್ಪೇನಿನ ಉತ್ತರಕ್ಕೆ, ಸಾಂತಿಯಾನಾ ದೆಲ್ ಮಾರ್ ಎಂಬ ಹಳೇ ಊರಿನ ಪಕ್ಕದಲ್ಲಿದೆ. ಅಸಲಿ ಗುಹೆಯೊಳಗೆ ನಮ್ಮನ್ನು ಬಿಡುವುದಿಲ್ಲ. 1970ರ ದಶಕದಲ್ಲಿ ವರ್ಷಕ್ಕೆ 1.5 ಲಕ್ಷಕ್ಕೂ ಜಾಸ್ತಿ ಜನ ನುಗ್ಗಿ, ಅವರ ಉಸಿರಿನ ಬಿಸಿಗೆ, ತೇವಕ್ಕೆ ಸಾವಿರಾರು ವರ್ಷ ಉಳಿದಿದ್ದ ಬಣ್ಣವೇ ಹಾಳಾಗತೊಡಗಿತ್ತು. 1977ರಲ್ಲಿ ಬಾಗಿಲು ಹಾಕಿದರು. ಆಮೇಲೆ ತೆರೆದರು, ಮತ್ತೆ ಮುಚ್ಚಿದರು. 2014ರಲ್ಲಿ ವಾರಕ್ಕೆ 5 ಜನರನ್ನು ಬಿಡಲು ಶುರು ಮಾಡಿದರು, ಅದೂ ಚೀಟಿ ಎತ್ತಿ! ನಮ್ಮಂಥ ಉಳಿದವರಿಗೆ ಇರುವುದು ಮ್ಯೂಸಿಯಂ, ಅದರೊಳಗೆ 2001ರಲ್ಲಿ ತೆರೆದ, ಅಸಲಿಯ ಹಾಗೇ ಮಾಡಿದ ನಕಲಿ ಗುಹೆ.

ಒಳಗೆ ಹೋಗಿ ತಲೆ ಎತ್ತಿದೆ. ಸೂರಿನ ತುಂಬ ಬೈಸನ್‌ಗಳು. ನಮ್ಮ ಕಾಟಿಯ ದಾಯಾದಿ ಅನ್ನಿ, ಹೆಗಲ ಮೇಲೆ ಮಾತ್ರ ಉಣ್ಣೆ ರಾಶಿ. ಗೆರೆಗೆ ಇದ್ದಿಲು, ಮೈಗೆ ಕೆಮ್ಮಣ್ಣು, ಅದೇ ನಮ್ಮಲ್ಲಿ ಹೊಸ್ತಿಲಿಗೂ ಜಗಲಿಗೂ ಬಳಿಯುತ್ತಾರಲ್ಲ, ಆ ಕೆಂಪು. ಬಂಡೆ ಎಲ್ಲಿ ಉಬ್ಬಿದೆಯೋ ಅಲ್ಲೇ ಪ್ರಾಣಿಯ ಹೊಟ್ಟೆ ಬರುವ ಹಾಗೆ ಬರೆದಿದ್ದಾರೆ, ಹಾಗಾಗಿ ನಾವು ಒಂದು ಹೆಜ್ಜೆ ಸರಿದರೆ ಅದೂ ಉಸಿರಾಡಿದ ಹಾಗೆ ಕಾಣುತ್ತದೆ. ಒಂದು ಬೈಸನ್ ನಾಲ್ಕೂ ಕಾಲು ಮಡಚಿ ಮುದುರಿಕೊಂಡಿದೆ. ಅದರ ಕೆಳಗೆ ಎಷ್ಟು ಹೊತ್ತು ನಿಂತೆನೋ, ಕತ್ತು ಹಿಡಿದುಕೊಂಡಿತು. ಈ ಪ್ರತಿಯನ್ನು ಬರೆದ ಮಟಿಲ್ಡೆ ಮುಸ್ಕಿಸ್, ಪೆದ್ರೊ ಸೌರಾ ಎಂಬ ಕಲಾವಿದರು ಬಳಸಿದ್ದೂ ಇದ್ದಿಲು ಮತ್ತು ಕಬ್ಬಿಣದ ಅಂಶವಿರುವ ಕೆಂಪು ಬಣ್ಣವನ್ನೇ.

ಅಸಲಿ ಚಿತ್ರಗಳನ್ನು ಮೊದಲು ಕಂಡವಳು 8 ವರ್ಷದ ಹುಡುಗಿ, ಮರಿಯಾ. 1879ನೇ ಇಸವಿ. ಅಪ್ಪ ಸೌತುವೋಲಾ ಕಲ್ಲಿನ ಆಯುಧ ಹುಡುಕುತ್ತಾ ತಲೆ ತಗ್ಗಿಸಿ ನೆಲ ಅಗೆಯುತ್ತಿದ್ದ. ಮಗಳು ಸುಮ್ನೆ ಮೇಲೆ ನೋಡಿದಳು, ಅಷ್ಟೇ. ಮುಂದಿನ ವರ್ಷ ಅಪ್ಪ ಪುಸ್ತಕ ಬರೆದ. ವಿದ್ವಾಂಸರು ನಂಬಲಿಲ್ಲ. ಕಾಡುಮನುಷ್ಯರು ಇಷ್ಟು ಚೆನ್ನಾಗಿ ಬರೆಯುವುದುಂಟಾ, ಯಾರೋ ಚಿತ್ರಗಾರನಿಂದ ಬರೆಸಿದ್ದಾನೆ ಎಂದರು. ಆ ಮನುಷ್ಯ 1888ರಲ್ಲಿ ಅದೇ ಅಪವಾದ ಹೊತ್ತುಕೊಂಡು ತೀರಿಕೊಂಡ. ಫ್ರಾನ್ಸಿನ ಗುಹೆಗಳಲ್ಲೂ ಇಂಥವೇ ಚಿತ್ರ ಸಿಕ್ಕ ಮೇಲೆ, 1902ರಲ್ಲಿ, ವಿರೋಧಿಗಳಲ್ಲಿ ಮುಖ್ಯನಾಗಿದ್ದ ಕಾರ್ತೈಯ್ಯಾಕ್ ತಪ್ಪಾಯಿತು ಎಂದು ಬರೆದ. ಕೇಳಲು ಸೌತುವೋಲಾ ಎಲ್ಲಿದ್ದ? ಅಸಲಿಯನ್ನು ನಕಲಿ ಎಂದು ಬೈದ ಜಾಗಕ್ಕೇ ಈಗ ನಾವು ನಕಲಿ ನೋಡಲು ಸಾಲು ನಿಲ್ಲುತ್ತೇವೆ, ತಮಾಷೆ ಅಲ್ವಾ?

ಹೊರಗೆ ಬಂದೆ. ಅಸಲಿ ಗುಹೆ ಅಲ್ಲೇ, ನಡೆದು ಹೋಗುವಷ್ಟು ಹತ್ತಿರ. ಬಾಗಿಲು ಮುಚ್ಚಿತ್ತು. ಆಚೆ ಹುಲ್ಲುಗಾವಲಲ್ಲಿ ಹಸುಗಳು ಮೇಯುತ್ತಿದ್ದವು. ಒಂದು ಮಾತ್ರ ಕಾಲು ಮಡಚಿ, ಮುದುರಿಕೊಂಡು ಮಲಗಿತ್ತು.