ಕ್ಯಾಶ್ ಅಂದ್ರೆ ನೋಟಲ್ಲ ಸ್ವಾಮಿ, ಸಾಲ ಇಲ್ಲ ಅಂತ

ನಮಸ್ಕಾರ. ಹೋದ ಎಪಿಸೋಡ್ ಕೆಳಗೆ ಒಬ್ಬರು ಬರೆದಿದಾರೆ: ಡಲ್ಲಾಸ್‌ನಲ್ಲಿ ಎಲ್‌ಎಲ್‌ಸಿ (ಅಲ್ಲಿನ ಒಂದು ಬಗೆಯ ಕಂಪನಿ) ಹೆಸರಲ್ಲಿ ಮನೆ ತಗೋತಿದೀವಿ, ಒಂದು ನೋಟೂ ಮುಟ್ಟಲ್ಲ, ಎಲ್ಲಾ ವೈರ್ ಟ್ರಾನ್ಸ್‌ಫರ್, ಅದಕ್ಕೇ ಫಿನ್‌ಸೆನ್‌ನ ಕ್ಯಾಶ್ ರೂಲ್ ನಮಗೆ ಅನ್ವಯಿಸಲ್ಲ ಅಂತ. ಫಿನ್‌ಸೆನ್ ಅಂದ್ರೆ ಅಮೆರಿಕದ ಖಜಾನೆ ಇಲಾಖೆಯ ಮನಿ ಲಾಂಡರಿಂಗ್ ತಡೆ ವಿಭಾಗ. ಕಂಪನಿ ಹೆಸರಲ್ಲಿ ಕ್ಯಾಶ್‌ಗೆ ಮನೆ ಕೊಂಡ್ರೆ ಹಿಂದೆ ಯಾರಿದಾರೆ ಅಂತ ಅದಕ್ಕೆ ವರದಿ ಹೋಗಬೇಕು ಅನ್ನೋದೇ ಆ ರೂಲ್. ಆ ಕಾಮೆಂಟ್ ಕೆಳಗೆ ಸಾಲಾಗಿ "ಕರೆಕ್ಟ್ ಸರ್" ಅಂತ ಬೇರೆ. ಕರೆಕ್ಟ್ ಅಲ್ಲ ಸರ್! ಶುದ್ಧ ತಪ್ಪು!

ಅಮೆರಿಕದಲ್ಲಿ ಮನೆ ವ್ಯಾಪಾರದಲ್ಲಿ ಕ್ಯಾಶ್ ಅಂದ್ರೆ ನೋಟಲ್ಲ. ಬ್ಯಾಂಕ್ ಸಾಲ ಇಲ್ಲ ಅಂತ ಅರ್ಥ. ನಮಗೆ ಕ್ಯಾಶ್ ಅಂದ ತಕ್ಷಣ ಸಬ್‌ರಿಜಿಸ್ಟ್ರಾರ್ ಆಫೀಸ್ ಮುಂದೆ ಕಾರಿನ ಡಿಕ್ಕಿಯಲ್ಲಿರೋ ಬ್ಯಾಗು ಕಣ್ಣಮುಂದೆ ಬರುತ್ತೆ. ಆ ಬ್ಯಾಗ್ ಮರೆತುಬಿಡಿ.

ಯಾಕೆ ಸಾಲದ ಮೇಲೆ ಕಣ್ಣು? ಮಾರ್ಟ್‌ಗೇಜ್ ತಗೊಂಡ್ರೆ ಸಾಲ ಕೊಡೋ ಬ್ಯಾಂಕು ನೀವು ಯಾರು, ದುಡ್ಡು ಎಲ್ಲಿಂದ ಬಂತು ಅಂತ ಜಾಲಾಡುತ್ತೆ. ಅನುಮಾನ ಬಂದ್ರೆ ಸರ್ಕಾರಕ್ಕೆ ತಿಳಿಸೋದು ಅದರ ಕಾನೂನುಬದ್ಧ ಕೆಲಸ. ಸಾಲ ಇಲ್ಲ ಅಂದ್ರೆ ಆ ಕೇಳೋರೇ ಇಲ್ಲ. "ವೈರ್ ಕಳಿಸಿದ ಬ್ಯಾಂಕ್ ನೋಡಲ್ವಾ?" ಅಂತೀರಾ? ಟೈಟಲ್ ಕಂಪನಿಯ (ಮನೆ ದಾಖಲೆ ನೋಡಿ ವ್ಯಾಪಾರ ಮುಗಿಸಿಕೊಡೋರು) ಎಸ್ಕ್ರೋ ಖಾತೆಗೆ, ಅಂದ್ರೆ ವ್ಯಾಪಾರ ಮುಗಿಯೋವರೆಗೂ ದುಡ್ಡು ಹಿಡಿದಿಡೋ ಖಾತೆಗೆ, ದುಡ್ಡು ಹೋಯ್ತು ಅನ್ನೋದು ಅದಕ್ಕೆ ಗೊತ್ತು. ಮನೆ ಯಾರ ಹೆಸರಿಗಾಯ್ತು, ಆ ಹೆಸರಿನ ಹಿಂದೆ ಯಾರಿದಾರೆ ಅನ್ನೋದು ಗೊತ್ತಿಲ್ಲ.

ಮಲೇಷ್ಯಾದ ಸರ್ಕಾರಿ ನಿಧಿಯ ದುಡ್ಡು ಲೂಟಿಯಾದ 1ಎಂಡಿಬಿ ಹಗರಣ ನೆನಪಿದೆಯಲ್ಲ? ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ಹಾಕಿದ ಜಪ್ತಿ ದಾವೆಗಳಲ್ಲಿ ಲಾಸ್ ಏಂಜಲೀಸ್, ನ್ಯೂಯಾರ್ಕ್‌ನ ಐಷಾರಾಮಿ ಮನೆಗಳಿದ್ವು. ಶೆಲ್ ಕಂಪನಿ (ಕಾಗದದ ಮೇಲಷ್ಟೇ ಇರೋ ಕಂಪನಿ) ಹೆಸರು, ವಕೀಲರ ಟ್ರಸ್ಟ್ ಅಕೌಂಟ್ ಮೂಲಕ ವೈರ್. ಅಲ್ಲೂ ನೋಟಿನ ಕಂತೆ ಬೇಕಾಗಿರಲಿಲ್ಲ!

2016ರ ಜನವರಿಯಲ್ಲಿ ಫಿನ್‌ಸೆನ್ ಮ್ಯಾನ್‌ಹಟನ್, ಮಯಾಮಿ-ಡೇಡ್ ಎರಡು ಕಡೆ ಮಾತ್ರ, ಇಂಥ ಖರೀದಿಯ ಹಿಂದಿರೋರನ್ನ ತಿಳಿಸಿ ಅಂತ ತಾತ್ಕಾಲಿಕ ಆದೇಶ ಹೊರಡಿಸ್ತು. ಆಮೇಲೆ ಊರುಗಳು ಸೇರ್ತಾ ಹೋದ್ವು, ಹೆಚ್ಚಿನ ಕಡೆ ವರದಿ ಮಾಡಬೇಕಾದ ಬೆಲೆಯ ಮಿತಿ 3 ಲಕ್ಷ ಡಾಲರ್‌ಗೆ ಬಂತು. 2024ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮದಲ್ಲಿ ಇಡೀ ದೇಶ, ಬೆಲೆಯ ಮಿತಿಯೇ ಇಲ್ಲ. ಒಂದರಿಂದ ನಾಲ್ಕು ಕುಟುಂಬದ ಮನೆ, ಕಾಂಡೋ, ಅಂಥ ಮನೆ ಕಟ್ಟೋಕೆ ತಗೊಳ್ಳೋ ಖಾಲಿ ಸೈಟು, ಎಲ್ಲಾ ಬಂತು. ಕೊಳ್ಳೋದು ಕಂಪನಿ ಅಥವಾ ಟ್ರಸ್ಟ್ ಆಗಿರಬೇಕು, ಅಷ್ಟೇ. ಜಾರಿ ದಿನಾಂಕ ಮೊದಲು 2025ರ ಡಿಸೆಂಬರ್ 1 ಅಂತಿತ್ತು, 2026ರ ಮಾರ್ಚ್ 1ಕ್ಕೆ ತಳ್ಳಿದ್ರು. ಟೈಟಲ್ ಕಂಪನಿಗಳು ಕೋರ್ಟಿಗೂ ಹೋದ್ವು. ಹಾಗಾಗಿ ನಿಮ್ಮ ಕ್ಲೋಸಿಂಗ್ (ವ್ಯಾಪಾರ ಮುಗಿದು ಮನೆ ಕೈ ಬದಲಾಗೋ) ದಿನಕ್ಕೆ ನಿಯಮದ ಸ್ಥಿತಿ ಏನು ಅಂತ ಟೈಟಲ್ ಆಫೀಸಲ್ಲೇ ಕೇಳಿ. ನಾನಿಲ್ಲಿ ಹೇಳ್ತಿರೋದು ನಿಯಮ ಬರೆದಿರೋ ರೀತಿ.

ಈಗ ಜನ ಎಡವೋ ಜಾಗ. "ಸಾಲ ತಗೊಂಡಿದೀನಲ್ಲ" ಅಂತಾರೆ. ಯಾರ ಹತ್ರ? ಖಾಸಗಿ ಲೇವಾದೇವಿಯವನ ಹತ್ರ, ಇಲ್ಲ ಮಾರಿದವನೇ ಕಂತಿನ ಮೇಲೆ ಕೊಟ್ಟಿದಾನೆ. ಸಾಲ ಕೊಟ್ಟವನಿಗೆ ಮನಿ ಲಾಂಡರಿಂಗ್ ತಡೆ ಕಾನೂನಿನ ಹೊಣೆ ಇಲ್ಲದಿದ್ರೆ ನಿಯಮದ ಲೆಕ್ಕದಲ್ಲಿ ಅದೂ ಕ್ಯಾಶೇ! ಇನ್ನೊಂದು: ನಿಮ್ಮದೇ ಮನೆನ ದುಡ್ಡಿಲ್ಲದೆ ನಿಮ್ಮದೇ ಲಿವಿಂಗ್ ಟ್ರಸ್ಟ್‌ಗೆ (ಬದುಕಿರುವಾಗಲೇ ಆಸ್ತಿ ಇಡೋಕೆ ಮಾಡ್ಕೊಳ್ಳೋ ಟ್ರಸ್ಟ್) ಬರೆದ್ರೆ ವಿನಾಯಿತಿ ಇದೆ. ಅದೇ ಮನೆನ ನಿಮ್ಮದೇ ಎಲ್‌ಎಲ್‌ಸಿಗೆ ಬರೆದ್ರೆ ಆ ವಿನಾಯಿತಿ ಇಲ್ಲ. ಒಂದು ಡಾಲರ್ ಕೈ ಬದಲಾಗಿಲ್ಲ, ಆದ್ರೂ ಸಾಲ ಇಲ್ಲದ ವರ್ಗಾವಣೆ. ಸಾವು, ವಿಚ್ಛೇದನ, ದಿವಾಳಿ ಪ್ರಕರಣದ ವರ್ಗಾವಣೆಗಳು ಹೊರಗೆ.

ವರದಿ ಮಾಡೋದು ನೀವಲ್ಲ. ಏಳು ಮೆಟ್ಟಿಲಿನ ಸರದಿ ಇದೆ. ಮೊದಲು ಕ್ಲೋಸಿಂಗ್ ಸ್ಟೇಟ್‌ಮೆಂಟ್‌ನಲ್ಲಿ ಹೆಸರಿರೋ ಸೆಟಲ್‌ಮೆಂಟ್ ಏಜೆಂಟ್ (ವ್ಯಾಪಾರ ಮುಗಿಸಿಕೊಡೋರು), ಅವರಿಲ್ಲದಿದ್ರೆ ಸ್ಟೇಟ್‌ಮೆಂಟ್ ತಯಾರಿಸಿದವರು, ಆಮೇಲೆ ಡೀಡ್ (ಹಕ್ಕುಪತ್ರ) ನೋಂದಣಿಗೆ ಕೊಟ್ಟವರು, ಹೀಗೆ ಇಳಿದು ಕೊನೆಗೆ ಡೀಡ್ ಬರೆದವರು. ವಕೀಲರಾದ್ರೂ ಬಿಡಲ್ಲ. ಸರದಿಯಲ್ಲಿರೋರು ಬೇರೆಯವರಿಗೆ ಹೊಣೆ ವಹಿಸೋದಾದ್ರೆ ಪ್ರತಿ ವ್ಯವಹಾರಕ್ಕೂ ಬೇರೆ ಲಿಖಿತ ಒಪ್ಪಂದ ಬೇಕು, ಐದು ವರ್ಷ ಇಟ್ಕೋಬೇಕು. ಗಡುವು: ಕ್ಲೋಸಿಂಗ್ ಆದ ಮುಂದಿನ ತಿಂಗಳ ಕೊನೇ ದಿನ ಅಥವಾ 30 ದಿನ, ಯಾವುದು ತಡವೋ ಅದು. ಏಪ್ರಿಲ್ 5ಕ್ಕೆ ಆದ್ರೆ ಮೇ 31.

ಕೊನೇ ಗಳಿಗೆಯಲ್ಲಿ ಸಿಕ್ಕಿಹಾಕ್ಕೊಳ್ಳೋದು ಮಾಲೀಕರ ವಿವರದಲ್ಲಿ. ಶೇ. 25 ಪಾಲಿರೋರು, ಜೊತೆಗೆ ಪಾಲಿಲ್ಲದಿದ್ರೂ ಕಂಪನಿ ನಡೆಸೋರು. ನಾಲ್ಕು ಜನ ಸ್ನೇಹಿತರು ಸಮಪಾಲಾದ್ರೆ ನಾಲ್ವರೂ ಬರ್ತಾರೆ. ಐದು ಜನ ಶೇ. 20ರಂತೆ ಹಂಚಿಕೊಂಡು ಬಚಾವ್ ಅಂದ್ಕೊಂಡ್ರೆ, ನಡೆಸೋನು ಬಂದೇ ಬರ್ತಾನೆ. ಮೈಸೂರಲ್ಲಿರೋ ಅಪ್ಪ ಪಾಲುದಾರರಾ? ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ರೆ ಪಾಸ್‌ಪೋರ್ಟ್ ವಿವರ ಮೊದಲೇ ತರಿಸಿಡಿ. ಈ ಮಾಹಿತಿ ಸರಿ ಅಂತ ಕೊಳ್ಳೋ ಕಡೆಯವರು ಲಿಖಿತವಾಗಿ ದೃಢೀಕರಿಸಿ ಕೊಟ್ಟರೆ ಮಾತ್ರ ಏಜೆಂಟ್ ಅದನ್ನ ನಂಬಬಹುದು. ಅಪ್ಪ ತಮ್ಮ ಖಾತೆಯಿಂದ, ಭಾರತದಿಂದ ಹೊರಗೆ ಹಣ ಕಳಿಸೋ ಆರ್‌ಬಿಐ ಯೋಜನೆ ಎಲ್‌ಆರ್‌ಎಸ್‌ನ ವರ್ಷಕ್ಕೆ 2,50,000 ಡಾಲರ್ ಮಿತಿಯಲ್ಲಿ, ನೇರ ಎಸ್ಕ್ರೋಗೆ ಕಳಿಸಿದ್ರೆ ಹಣ ಕೊಟ್ಟವರ ಜಾಗದಲ್ಲಿ ಅವರ ಹೆಸರೂ ಬರೀಬೇಕು. ಬ್ಯಾಂಕಿನ ಹೆಸರು, ಖಾತೆ ನಂಬರ್ ಸಮೇತ. ಕ್ಲೋಸಿಂಗ್ ಚೆಕ್‌ಲಿಸ್ಟ್ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದೀನಿ, ಸಬ್‌ಸ್ಕ್ರೈಬ್ ಮಾಡಿ ತಗೊಳ್ಳಿ.

"ಪ್ರೈವಸಿ ಹೋಯ್ತು!" ಎಲ್ಲಿ ಹೋಯ್ತು? ಆ ವರದಿ ಸಾರ್ವಜನಿಕ ಅಲ್ಲ. ಕೌಂಟಿ ದಾಖಲೆಯಲ್ಲಿ ಈಗಲೂ ಎಲ್‌ಎಲ್‌ಸಿ ಹೆಸರೇ ಕಾಣೋದು. "ಕೋಟ್ಯಂತರ ಜನರ ಮನೆ ಖರೀದಿಗೆ ತೊಂದರೆ!" ಫಿನ್‌ಸೆನ್‌ನ ಅಂದಾಜೇ ವರ್ಷಕ್ಕೆ 8ರಿಂದ 8.5 ಲಕ್ಷ ವರದಿ. ಸ್ವಂತ ಹೆಸರಲ್ಲಿ ಕೊಂಡ್ರೆ ಈ ಫಾರ್ಮೇ ಇಲ್ಲ. "ಕಂಪನಿ ಮಾಲೀಕರ ಪಟ್ಟಿ ಸರ್ಕಾರದ ಹತ್ರ ಇದೆಯಲ್ಲ!" ಇಲ್ಲ. 2025ರ ಮಾರ್ಚ್‌ನಲ್ಲೇ ಅಮೆರಿಕದ ಕಂಪನಿಗಳನ್ನ ಮಾಲೀಕರ ಹೆಸರು ಕೊಡೋ ಆ ಬೇರೆ ವರದಿಯಿಂದ ಬಿಟ್ಟುಬಿಟ್ರು. ಇನ್ನು ಯಾರು ಕೇಳಬೇಕು ಹೇಳಿ?

ಕೋರ್ಟು ಏನೇ ಹೇಳಲಿ, ಆ ಕಂಡಿ ಅಲ್ಲೇ ಇರುತ್ತೆ! ಬ್ಯಾಂಕ್ ಸಾಲ ಇದೆಯಾ? ಇಲ್ಲ. ಎಲ್‌ಎಲ್‌ಸಿ ಹೆಸರಾ? ಹೌದು. ಹಾಗಾದ್ರೆ ಅದು ಕ್ಯಾಶ್. ವೈರ್ ಮಾಡಿ, ಚೆಕ್ ಕೊಡಿ, ಕ್ರಿಪ್ಟೋ ಕೊಡಿ, ಕ್ಯಾಶ್! ಡಲ್ಲಾಸ್ ಸರ್, ದಯವಿಟ್ಟು ಆ ಕಾಮೆಂಟ್ ತಿದ್ದಿ, ಕೆಳಗೆ ತಲೆ ಆಡಿಸಿದವರು ಅದನ್ನೇ ನಂಬಿಕೊಂಡು ಕ್ಲೋಸಿಂಗ್‌ಗೆ ಹೋಗ್ತಾರೆ. ಮುಂದಿನ ವಾರ ಎನ್‌ಆರ್‌ಐಗಳು ಅಮೆರಿಕದ ಮನೆ ಮಾರಿದಾಗ ಹಿಡಿಯೋ ಫಿರ್ಪ್ಟಾ ತೆರಿಗೆ, ಶೇ. 15. ಪ್ರಶ್ನೆ ಕಳಿಸಿ.