ಟಿಕೆಟ್ ಹಿಂದೆ ಬರೆದ ಸಾಲು: ಯೋಚನೆ ನಮ್ಮ ಗುಣವಾಗುವುದು ಹೇಗೆ?

[ನಾಗರಬಾವಿ. ಬೆಳಗ್ಗೆ ಎಂಟು ಗಂಟೆ. ಖಾಲಿ ಸೈಟಿನ ಮುಂದೆ ನಿಂತು.]

ನಮಸ್ಕಾರ. ಇದು ನಮ್ಮ ಮನೆ ಹಿಂದಿನ ಖಾಲಿ ಸೈಟು. ಥರ್ಟಿ ಫಾರ್ಟಿ. ಕಾಂಪೌಂಡ್ ಇಲ್ಲ. ಮೂಲೆಯಲ್ಲಿ ಯಾರೋ ರಾತ್ರೋರಾತ್ರಿ ಸುರಿದು ಹೋದ ಇಟ್ಟಿಗೆ ಚೂರು, ಉಳಿದದ್ದೆಲ್ಲ ಪಾರ್ಥೇನಿಯಂ. ಆದರೆ ಈ ಮೂಲೆಯಿಂದ ಆ ಮೂಲೆಗೆ ಒಂದು ಕಾಲುದಾರಿ ಇದೆ, ನೋಡಿ. ಕಾರ್ಪೊರೇಷನ್‌ನವರು ಮಾಡಿದ್ದಲ್ಲ, ಸೈಟಿನ ಓನರ್ ಮಾಡಿದ್ದಂತೂ ಅಲ್ವೇ ಅಲ್ಲ. ಬಸ್ ಸ್ಟಾಪಿಗೆ ಸುತ್ತಿ ಹೋಗುವುದು ಯಾಕೆ ಅಂತ ಯಾರೋ ಒಬ್ಬರು ಅಡ್ಡ ಹಾದರು. ಮರುದಿನ ಇನ್ನೊಬ್ಬರು. ಈಗ ಈ ಬೀದಿಗೆ ಹೊಸದಾಗಿ ಬಂದವರು ಕೂಡ ಸೀದಾ ಇಲ್ಲೇ ಕಾಲಿಡುತ್ತಾರೆ.

ನಮ್ಮವ್ವ ಮಂಡ್ಯ ಕಡೆಯವಳು. ಯಾರ ವಿಷಯ ಬಂದರೂ ಕೊನೆಗೆ ಒಂದೇ ಗಾದೆ. "ಹುಟ್ಟುಗುಣ ಸುಟ್ರೂ ಹೋಗಕ್ಕಿಲ್ಲ ಕಣ್ಲಾ." ಸೋಮಾರಿ ಸೋಮಾರಿಯೇ, ಜಿಪುಣ ಜಿಪುಣನೇ. ಹಾಗಾದರೆ ಯೋಚನೆ ಬದಲಾದರೆ ಮನುಷ್ಯ ಬದಲಾಗುತ್ತಾನೆ ಅನ್ನುವುದೆಲ್ಲ ಸುಳ್ಳಾ? ಇವತ್ತು ಅದನ್ನೇ ನೋಡೋಣ.

[ಮೆದುಳಿನ ಚಿತ್ರ. ಎರಡು ನರಕೋಶಗಳು ಒಟ್ಟಿಗೆ ಮಿನುಗುತ್ತವೆ.]

1949ರಲ್ಲಿ ಕೆನಡಾದ ಡೊನಾಲ್ಡ್ ಹೆಬ್ ಎನ್ನುವ ಮನಶ್ಶಾಸ್ತ್ರಜ್ಞರು ಒಂದು ಮಾತು ಹೇಳಿದರು. ಒಂದು ನರಕೋಶ ಪಕ್ಕದ ಇನ್ನೊಂದನ್ನು ಪದೇ ಪದೇ ಎಚ್ಚರಿಸುತ್ತಿದ್ದರೆ ಅವೆರಡರ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ ಅಂತ. ಆಗ ಅದು ಬರೀ ಊಹೆ. ಆಮೇಲೆ ಪ್ರಯೋಗಾಲಯಗಳಲ್ಲಿ ಅದಕ್ಕೆ ಆಧಾರ ಸಿಗುತ್ತಾ ಬಂತು. ನಮ್ಮ ಸೈಟಿನ ಕಾಲುದಾರಿಯ ಕಥೆಯೇ, ತಲೆಯೊಳಗೆ ನಡೆಯುತ್ತಿದೆ ಅಷ್ಟೆ.

ಇದಕ್ಕೆ ಲಂಡನ್ನಿನ ಟ್ಯಾಕ್ಸಿ ಡ್ರೈವರ್‌ಗಳ ಉದಾಹರಣೆ ನನಗೆ ತುಂಬಾ ಇಷ್ಟ. ಅಲ್ಲಿ ಕಪ್ಪು ಟ್ಯಾಕ್ಸಿ ಓಡಿಸಬೇಕಾದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು. ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಎಲಿನರ್ ಮಗ್ವಾಯರ್ ಎನ್ನುವ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿ ಹೀಗೆ ಕಲಿಯುತ್ತಿದ್ದ 79 ಜನರ ಮೆದುಳನ್ನು ಕಲಿಕೆ ಶುರುವಾದಾಗ ಒಮ್ಮೆ, ವರ್ಷಗಳ ನಂತರ ಅವರಲ್ಲಿ ಮತ್ತೆ ಸಿಕ್ಕವರದ್ದನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿದರು. ಪಾಸಾದವರು 39 ಜನ. ದಾರಿ ನೆನಪಿಡುವ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಅವರಲ್ಲಿ ಬೆಳೆದಿತ್ತು. ಫೇಲಾದವರಲ್ಲಿ ಹಾಗೆ ಆಗಿರಲಿಲ್ಲ. 2011ರಲ್ಲಿ ಈ ಫಲಿತಾಂಶ ಹೊರಬಂತು.

ನಮ್ಮ ಹಳೇ ಆಟೋ ಅಣ್ಣಂದಿರನ್ನೂ ಯಾರಾದರೂ ಹೀಗೆ ಸ್ಕ್ಯಾನ್ ಮಾಡಬೇಕು ಅಂತ ನನ್ನ ಆಸೆ. ಜಯನಗರ ಫೋರ್ತ್ ಬ್ಲಾಕ್ ಬೇರೆ, ಫೋರ್ತ್ ಟಿ ಬ್ಲಾಕ್ ಬೇರೆ ಅನ್ನುವುದನ್ನು ಮ್ಯಾಪ್ ಇಲ್ಲದೆ ಹೇಳುವವರು ಅವರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದು ಬೀದಿಗಳ ನೆನಪಿನ ವಿಷಯ, ಗುಣದ ವಿಷಯ ಅಲ್ಲ. ಸ್ಕ್ಯಾನ್‌ನಲ್ಲಿ "ಧೈರ್ಯ" ಅಂತ ಒಂದು ಚುಕ್ಕೆ ಕಾಣಿಸುವುದಿಲ್ಲ. ದೊಡ್ಡವರಾದ ಮೇಲೂ, ದಿನಾ ಮಾಡುವ ಕೆಲಸಕ್ಕೆ ತಕ್ಕ ಹಾಗೆ ಮೆದುಳು ಬದಲಾಗುತ್ತದೆ. ಅದರಿಂದ ಇಷ್ಟು ಹೇಳಬಹುದು, ಅಷ್ಟೇ. ಅದಕ್ಕಿಂತ ಜಾಸ್ತಿ ಹೇಳುವ ವಿಡಿಯೋ ನೋಡಿದರೆ ಸ್ವಲ್ಪ ಹುಷಾರಾಗಿರಿ.

ಯೋಚನೆಯೇ ನಮ್ಮ ಗುಣವಾಗಿಬಿಡುವುದನ್ನು ನಾನು ಹತ್ತಿರದಿಂದ ನೋಡಿದ್ದು ನನ್ನಲ್ಲೇ.

[ನಿರೂಪಕ ಮನೆಯೊಳಗೆ, ಮೇಜಿನ ಮೇಲೆ ಹಳೇ ಬಸ್ ಟಿಕೆಟ್‌ಗಳ ಕಟ್ಟು.]

ಊರಲ್ಲಿ ಗಣಪತಿ ಕೂರಿಸಿದರೆ ಮೈಕ್ ನನ್ನ ಕೈಯಲ್ಲೇ ಇರುತ್ತಿತ್ತು. ಯಾರು ಎಷ್ಟು ಚಂದಾ ಕೊಟ್ಟರು ಅನ್ನುವುದರಿಂದ ಹಿಡಿದು ಯಾರ ಮನೆ ಎಮ್ಮೆ ತಪ್ಪಿಸಿಕೊಂಡಿದೆ ಅನ್ನುವವರೆಗೆ ಎಲ್ಲಾ ನಾನೇ ಕೂಗಿ ಹೇಳುತ್ತಿದ್ದೆ. ಓದಿದ್ದು ಕನ್ನಡ ಮೀಡಿಯಂ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದೆ, ವಿಜಯನಗರದಲ್ಲಿ ಪಿಜಿ, ಊರಿನ ಆ ತುದಿಗೆ ಆಫೀಸು.

ಸೇರಿ ಎರಡು ವಾರ ಆಗಿರಬಹುದು. ಮೀಟಿಂಗಿನಲ್ಲಿ ಒಂದು ರಿಪೋರ್ಟ್ ಹಾಕಿಕೊಂಡು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ಲೆಕ್ಕ ತಾಳೆ ಆಗುತ್ತಿಲ್ಲ. ನನಗೆ ಗೊತ್ತಾಯಿತು: ತಾರೀಖಿನ ಕಾಲಂನಲ್ಲಿ ದಿನ, ತಿಂಗಳು ಅದಲು ಬದಲಾಗಿದೆ. ಬಾಯಿ ತೆರೆಯಬೇಕು, ಅಷ್ಟರಲ್ಲಿ ತಲೆಯೊಳಗೆ ಒಂದು ಸಾಲು ಬಂತು. "ಬೇಡ. ಇಂಗ್ಲಿಷ್ ತಪ್ಪಾದ್ರೆ ನಗ್ತಾರೆ." ಸುಮ್ನೆ ಕೂತೆ. ಹತ್ತು ನಿಮಿಷ ಆದ ಮೇಲೆ ಇನ್ನೊಬ್ಬರು ಅದನ್ನೇ ಹೇಳಿದರು. ಎಲ್ಲರೂ "ಗುಡ್ ಕ್ಯಾಚ್" ಅಂದರು.

ಆ ದಿನ ಸುಮ್ಮನಿದ್ದಿದ್ದರಿಂದ ಒಂದು ಲಾಭವೂ ಆಯಿತು. ಎದೆ ಡವಡವ ನಿಂತಿತು. ಆ ನೆಮ್ಮದಿಯೇ ಈ ಕಥೆಯ ಕಳ್ಳ. ಸುಮ್ಮನಿದ್ದರೆ ಹಾಯಾಗಿರುತ್ತದೆ ಅಂತ ಮೆದುಳು ಪಾಠ ಕಲಿಯಿತು. ಮುಂದಿನ ಮೀಟಿಂಗಿನಲ್ಲಿ ಅದೇ ಸಾಲು ಇನ್ನೂ ಬೇಗ ಬಂತು. ಆರು ತಿಂಗಳಾಗುವ ಹೊತ್ತಿಗೆ ಸಾಲು ಬರುವುದೇ ನಿಂತಿತು. ಅದರ ಅಗತ್ಯವೇ ಇರಲಿಲ್ಲ. ಹೋಗಿ ಕೊನೇ ಕುರ್ಚಿಯಲ್ಲಿ ಕೂರುವುದು, ಲ್ಯಾಪ್‌ಟಾಪ್ ನೋಡುವುದು, ಎದ್ದು ಬರುವುದು.

ವರ್ಷದ ಕೊನೆಗೆ ಅಪ್ರೈಸಲ್. ಮ್ಯಾನೇಜರ್ ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳಿದರು: "ಕೆಲಸ ಚೆನ್ನಾಗಿ ಮಾಡ್ತೀರ. ಆದ್ರೆ ನೀವು ಸ್ವಭಾವತಃ ಸೈಲೆಂಟ್ ಅಲ್ವಾ?"

ಸ್ವಭಾವತಃ! ನಾನು! ಎಮ್ಮೆ ತಪ್ಪಿಸಿಕೊಂಡಿದ್ದನ್ನು ಮೂರು ಹಳ್ಳಿಗೆ ಕೇಳುವ ಹಾಗೆ ಕೂಗಿದವನು!

ಆ ಗುಣ ನನ್ನ ಜೊತೆ ಹುಟ್ಟಿದ್ದಲ್ಲ. ಹನ್ನೆರಡು ತಿಂಗಳಲ್ಲಿ ತಯಾರಾಗಿದ್ದು. ನೋಡುವವರಿಗೆ ನಮ್ಮ ತಲೆಯ ಸಾಲು ಕಾಣುವುದಿಲ್ಲ, ನಾವು ಮಾಡಿದ್ದಷ್ಟೇ ಕಾಣುತ್ತದೆ. ಅದಕ್ಕೊಂದು ಹೆಸರಿಡುತ್ತಾರೆ. ಆಮೇಲೆ ಆ ಹೆಸರನ್ನು ನಾವೂ ನಂಬುತ್ತೇವೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇಂಥ ಸಾಲುಗಳ ಬೆನ್ನು ಹತ್ತಿದರು. ಖಿನ್ನತೆಯಿಂದ ಬಳಲುವವರ ಮನಸ್ಸಿನಲ್ಲಿ ಮಾತಿನ ಸಂದಿಯಲ್ಲಿ ಮಿಂಚಿ ಮಾಯವಾಗುವ ಚಿಕ್ಕ ಚಿಕ್ಕ ಯೋಚನೆಗಳಿವೆ ಅಂತ ಗಮನಿಸಿದರು. "ನನ್ನಿಂದಾಗಲ್ಲ", "ಅವರಿಗೆ ನಾನು ಬೇಜಾರು". ನಾವು ಕರೆಯದೆ ತಾವೇ ಬರುವುದರಿಂದ ಅವಕ್ಕೆ ಸ್ವಯಂಚಾಲಿತ ಯೋಚನೆಗಳು ಅಂತ ಹೆಸರಾಯಿತು. ಇವು ಎಷ್ಟು ವೇಗವಾಗಿ ಬರುತ್ತವೆ ಅಂದರೆ ಅದು ಯೋಚನೆ ಅಂತಲೇ ಅನ್ನಿಸುವುದಿಲ್ಲ, ಸತ್ಯ ಅನ್ನಿಸುತ್ತದೆ. ಬೆಕ್ ಅವರ ಚಿಕಿತ್ಸೆಯ ಮೊದಲ ಹೆಜ್ಜೆ ತುಂಬಾ ಸರಳ: ಸಾಲನ್ನು ಹಿಡಿದು ಬರೆಯುವುದು. ಅದಕ್ಕೆ ಸಾಕ್ಷಿ ಏನಿದೆ ಅಂತ ಕೇಳುವುದು.

ನಾನು ಬರೆದದ್ದು ಇದರ ಮೇಲೆ.

[ಕ್ಲೋಸಪ್: ಬಸ್ ಟಿಕೆಟ್ ಹಿಂಭಾಗ.]

ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, "ಇಳಿಯುವಾಗ ಇಸ್ಕೊಳ್ಳಿ" ಅಂತ. ಈಗ ಯುಪಿಐ ಬಂದು ಅದು ಕಡಿಮೆಯಾಗಿದೆ. ಅವತ್ತು ನನ್ನ ಟಿಕೆಟ್ ಹಿಂದೆ ಹದಿನೈದು ಅಂತ ಬರೆದಿತ್ತು. ನಾನು ಇಸ್ಕೊಳ್ಳದೆ ಇಳಿದುಬಿಟ್ಟಿದ್ದೆ. ಯಾಕೆ ಗೊತ್ತಾ? "ಹದಿನೈದು ರೂಪಾಯಿಗೆ ಕೇಳಿದ್ರೆ ಏನಂದ್ಕೋತಾರೆ." ಕನ್ನಡ ಮಾತಾಡುವ ಕಂಡಕ್ಟರ್ ಹತ್ತಿರ, ನನ್ನದೇ ದುಡ್ಡು ಕೇಳುವುದಕ್ಕೆ! ಅಂದರೆ ವಿಷಯ ಇಂಗ್ಲಿಷ್ ದಾಟಿ ಎಲ್ಲಿಗೋ ಹೋಗಿತ್ತು. ಸ್ಟಾಪಿನಲ್ಲೇ ನಿಂತು ಆ ಸಾಲನ್ನು ಹದಿನೈದರ ಕೆಳಗೆ ಬರೆದೆ.

ಆಮೇಲೆ ದಿನಕ್ಕೊಂದು. ಎರಡು ವಾರದಲ್ಲಿ ಹನ್ನೊಂದು ಟಿಕೆಟ್ ಆದವು. ಮೇಜಿನ ಮೇಲೆ ಹರಡಿ ನೋಡಿದರೆ ಎಂಟರಲ್ಲಿ ಇದ್ದದ್ದು ಒಂದೇ ಮಾತು, ಬಟ್ಟೆ ಬೇರೆ ಬೇರೆ: "ನಗ್ತಾರೆ", "ಏನಂದ್ಕೋತಾರೆ", "ಬೇಡ ಬಿಡು". ನನ್ನ ತಲೆಯಲ್ಲಿ ನೂರು ಸಮಸ್ಯೆ ಇದೆ ಅಂದುಕೊಂಡಿದ್ದೆ. ಇದ್ದದ್ದು ಒಂದೇ.

ಇಲ್ಲಿ ಜನ ಮಾಡುವ ತಪ್ಪು ನಾನೂ ಮಾಡಿದೆ. ಕನ್ನಡಿ ಮುಂದೆ ನಿಂತು "ನಾನು ಲೀಡರ್, ನಾನು ಗೆದ್ದಾಯಿತು" ಅಂತ ಹೇಳಿಕೊಳ್ಳತೊಡಗಿದೆ. ರಾತ್ರಿ ಮಲಗಿ ಸ್ಟೇಜ್ ಮೇಲೆ ಚಪ್ಪಾಳೆ ಗಿಟ್ಟಿಸುವ ಕನಸು. ಬಯಸಿದರೆ ಸಾಕು, ಬ್ರಹ್ಮಾಂಡವೇ ಪಾರ್ಸೆಲ್ ಕಳಿಸುತ್ತದೆ ಅನ್ನುವ ವಿಡಿಯೋಗಳು ನಿಮಗೂ ಬಂದಿರುತ್ತವೆ. ಅವುಗಳ ಮೇಲೆ ನನಗೆ ಸಿಟ್ಟಿದೆ.

ಜರ್ಮನಿಯ ಗೇಬ್ರಿಯೆಲ್ ಎಟ್ಟಿಂಗೆನ್ ಎನ್ನುವ ಮನಶ್ಶಾಸ್ತ್ರಜ್ಞೆ ಇದನ್ನೇ ಪರೀಕ್ಷೆ ಮಾಡಿದರು. ಡಿಗ್ರಿ ಮುಗಿಸಿ ಕೆಲಸ ಹುಡುಕಲು ಹೊರಟವರನ್ನು ಮಾತಾಡಿಸಿ, ಎರಡು ವರ್ಷದ ನಂತರ ಮತ್ತೆ ಹೋಗಿ ಕೇಳಿದರು. ಒಳ್ಳೇ ಕೆಲಸ ಸಿಕ್ಕಿಬಿಟ್ಟ ಹಾಗೆ ಜಾಸ್ತಿ ಹಗಲುಗನಸು ಕಂಡವರು ಅರ್ಜಿ ಹಾಕಿದ್ದೇ ಕಡಿಮೆ. ಅವರಿಗೆ ಬಂದ ಆಫರ್ ಕಡಿಮೆ, ಸಂಬಳವೂ ಕಡಿಮೆ. 2002ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಕಂಡಿತು. "ನನಗೆ ಕೆಲಸ ಸಿಗುವ ಸಾಧ್ಯತೆ ಚೆನ್ನಾಗಿದೆ" ಅಂತ ಲೆಕ್ಕ ಹಾಕಿ ನಂಬಿದವರು. ಅವರು ಮುಂದೆ ಬಂದರು. ನಂಬಿಕೆ ಬೇರೆ, ಹಗಲುಗನಸು ಬೇರೆ. ಕನಸಿನಲ್ಲಿ ಹೋಳಿಗೆ ತಿಂದವನು ಎದ್ದು ಹೂರಣ ರುಬ್ಬುತ್ತಾನಾ?

ಕೆಲಸಕ್ಕೆ ಬರುವುದು ಇನ್ನೂ ಚಿಕ್ಕ ಉಪಾಯ. ಪೀಟರ್ ಗಾಲ್ವಿಟ್ಸರ್ ಎನ್ನುವ ಮನಶ್ಶಾಸ್ತ್ರಜ್ಞರು ತೋರಿಸಿದ್ದು. "ಇನ್ಮೇಲೆ ಧೈರ್ಯವಾಗಿರ್ತೀನಿ" ಅನ್ನುವುದರ ಬದಲು "ಹೀಗಾದಾಗ ಹೀಗೆ ಮಾಡ್ತೀನಿ" ಅಂತ ಮೊದಲೇ ಗಂಟು ಹಾಕಿಡುವುದು. 2006ರಲ್ಲಿ 94 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಇದರ ಪರಿಣಾಮ ಒಳ್ಳೆಯದೇ ಇತ್ತು. ನಾನು ಟಿಕೆಟ್ ಮೇಲೆ ಬರೆದದ್ದು: "ಮೀಟಿಂಗಿನಲ್ಲಿ ಎದೆ ಡವಡವ ಅಂದ್ರೆ, ಒಂದು ಪ್ರಶ್ನೆ ಕೇಳ್ತೀನಿ." ಉತ್ತರ ಅಲ್ಲ. ಪ್ರಶ್ನೆ. ಚಿಕ್ಕದು.

ಆ ದಿನ ಬಂತು. ಡವಡವ ಶುರು. ಗಂಟಲು ಒಣಗಿತು. "ವಿಚ್ ಡೇಟ್?" ಅಂದೆ. ಅಷ್ಟೇ, ಎರಡು ಪದ. ಯಾರೂ ನಗಲಿಲ್ಲ. ಯಾರೂ ತಿರುಗಿ ಕೂಡ ನೋಡಲಿಲ್ಲ. "ಹದಿಮೂರು" ಅಂತ ಉತ್ತರ ಬಂತು, ಮಾತು ಮುಂದುವರಿಯಿತು. ನಿಜ ಹೇಳಬೇಕಂದರೆ ಸ್ವಲ್ಪ ನಿರಾಸೆಯೇ ಆಯಿತು. ಒಂದು ವರ್ಷ ಹೆದರಿದ್ದು ಇದಕ್ಕಾ!

ಅಭ್ಯಾಸ ಆಗಲು 21 ದಿನ ಸಾಕು ಅನ್ನುವುದನ್ನು ನಂಬಬೇಡಿ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಸರಾಸರಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254ರವರೆಗೂ. ನನಗೆ ನಾಲ್ಕು ತಿಂಗಳು ಹಿಡಿಯಿತು.

[ನಿರೂಪಕ ಮತ್ತೆ ಸೈಟಿನ ಮುಂದೆ.]

ಇಲ್ಲಿಗೆ "ಆಮೇಲೆ ನನಗೆ ಪ್ರಮೋಷನ್ ಸಿಕ್ಕಿತು" ಅಂತ ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಸಿಗಲಿಲ್ಲ. ಮುಂದಿನ ವರ್ಷ ನಮ್ಮ ಟೀಮನ್ನೇ ಮುಚ್ಚಿದರು. ಯೋಚನೆ ಸರಿ ಮಾಡಿಕೊಂಡ ನಾನೂ ಹೋದೆ, "ಗುಡ್ ಕ್ಯಾಚ್" ಅನ್ನಿಸಿಕೊಂಡವರೂ ಹೋದರು.

ಸೋತವನ ಯೋಚನೆಯೇ ಸರಿಯಿರಲಿಲ್ಲ ಅನ್ನುವುದು ಸುಲಭ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಪಕ್ಕದ ತಮಿಳುನಾಡಿನಲ್ಲಿ ನಡೆದದ್ದು, 464 ಕಬ್ಬು ಬೆಳೆಗಾರರ ಮೇಲೆ. ಕಟಾವಿಗೆ ಮುಂಚೆ ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ದುಡ್ಡು ಬಂದ ಮೇಲೆ ಇನ್ನೊಮ್ಮೆ, ಅದೇ ರೈತರಿಗೆ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ದುಡ್ಡಿಲ್ಲದಾಗ ಕಡಿಮೆ ಅಂಕ, ಬಂದ ಮೇಲೆ ಜಾಸ್ತಿ. ರೈತ ಅವನೇ, ತಲೆ ಅದೇ. ಚಿಂತೆ ಅದರ ಜಾಗವನ್ನು ತಿಂದಿತ್ತು.

ನನಗೆ ಇದನ್ನು ಓದಿ ಆಶ್ಚರ್ಯ ಆಗಲಿಲ್ಲ. ನಮ್ಮಪ್ಪನದೂ ಕಬ್ಬೇ. "ಬಿಲ್ ಬರೋಗಂಟ ಅಪ್ಪನ್ನ ಏನೂ ಕೇಳ್ಬೇಡ" ಅಂತ ಅವ್ವ ಗದರುತ್ತಿದ್ದಳು. ಬಿಲ್ ಬರುವವರೆಗಿನ ಅಪ್ಪ ಮುಂಗೋಪಿ, ಬಂದ ಮೇಲಿನ ಅಪ್ಪ ನಮ್ಮನ್ನೆಲ್ಲ ಮದ್ದೂರಿಗೆ ಕರೆದುಕೊಂಡು ಹೋಗಿ ವಡೆ ಕೊಡಿಸುತ್ತಿದ್ದ. ಯಾವುದು ಅವನ ಗುಣ, ಹೇಳಿ?

ನನ್ನ ವಿಷಯದಲ್ಲೂ ಪೂರ್ತಿ ಕ್ರೆಡಿಟ್ ಟಿಕೆಟ್ಟಿಗೆ ಕೊಡಲಾರೆ. "ವಿಚ್ ಡೇಟ್" ಆದ ವಾರದಲ್ಲೇ ಹುಬ್ಬಳ್ಳಿಯ ಒಬ್ಬ ಸಹೋದ್ಯೋಗಿ ಟೀ ಕುಡಿಯುವಾಗ ಹೇಳಿದರು: "ನೀವು ಕನ್ನಡದಾಗ ಹೇಳ್ರಿ, ಸಿಕ್ಕಿಹಾಕ್ಕೊಂಡ್ರ ನಾ ಇಂಗ್ಲಿಷ್‌ನ್ಯಾಗ ಹೇಳ್ತೇನಿ." ಆ ಒಂದು ಮಾತು ನನ್ನ ಹತ್ತು ಟಿಕೆಟ್‌ಗಳಿಗೆ ಸಮ.

ಇನ್ನೊಂದು ವಿಷಯ, ತಮಾಷೆ ಬಿಟ್ಟು. ಸಾಲು ಬರೆದರೂ ಬಗ್ಗದೆ, ವಾರಗಟ್ಟಲೆ ನಿದ್ದೆ, ಊಟ, ಬದುಕುವ ಆಸೆಯನ್ನೇ ಕಿತ್ತುಕೊಳ್ಳುತ್ತಿದ್ದರೆ ಅದು ಅಭ್ಯಾಸವಲ್ಲ, ಕಾಯಿಲೆ ಇರಬಹುದು. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್. 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ.

[ರಾತ್ರಿ. ನಿರೂಪಕ ಮೇಜಿನ ಮುಂದೆ, ಕೈಯಲ್ಲಿ ಫೋನ್.]

ಈ ಸ್ಕ್ರಿಪ್ಟನ್ನು ನಿನ್ನೆ ಫೋನಿನಲ್ಲಿ ಅವ್ವನಿಗೆ ಪೂರ್ತಿ ಓದಿ ಹೇಳಿದೆ. ಹುಟ್ಟುಗುಣದ ಗಾದೆ ತಪ್ಪು ಅಂತ ಇವತ್ತಾದರೂ ಒಪ್ಪಿಕೊಳ್ಳುತ್ತಾಳೆ ಅಂತ ಕಾದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

"ಈಗ ಇದುನ್ನ ಮೈಕ್ ಹಿಡ್ಕೊಂಡು ಊರ್‌ಗೆಲ್ಲ ಹೇಳೀಯ?"

"ಹೂಂ, ಅವ್ವ."

"ಮತ್ತೆ ನಾ ಏನ್ಲಾ ಹೇಳಿದ್ದು?"