ಪಾಯ ತೆಗಿಯೋಕಿಂತ ಮೊದ್ಲ ಪ್ಲಾಟ್‌ನ್ಯಾಗ ಒಂದಿನ ನಿಂದರ್ರಿ

ಕೇಳುಗ ಬಂಧುಗಳಿಗೆಲ್ಲಾ ನಮಸ್ಕಾರ್ರೀ. ಇವತ್ತು ಮನಿ ಕಟ್ಟಿಸೋ ವಿಷಯ ಮಾತಾಡೋಣು, ಅದ್ರಾಗೂ ಖಾಲಿ ಪ್ಲಾಟ್‌ನ್ಯಾಗ ಮನಿ ಎಲ್ಲಿ ಕೂಡಿಸ್ಬೇಕು, ಯಾವ ಕೋಣಿ ಯಾವ ಕಡಿ ಬರ್ಬೇಕು ಅನ್ನೋದು. ಸಿಮೆಂಟ್ ಯಾವ್ದು ಟೈಲ್ಸ್ ಯಾವ್ದು ಅಂತ ತಿಂಗಳಗಟ್ಲೆ ಕೇಳ್ಕೊಂತ ಅಡ್ಡಾಡ್ತೀವಿ, ಇದನ್ನ ಮಾತ್ರ ಅರ್ಧ ತಾಸಿನ್ಯಾಗ ಮುಗಿಸಿಬಿಡ್ತೀವಿ. ಟೈಲ್ಸ್ ನಾಳಿ ಕಿತ್ತು ಬ್ಯಾರೆ ಹಾಕಬಹುದ್ರಿ, ಮನಿ ಮಾರಿ ತಿರುಗಿಸಾಕ ಬರಂಗಿಲ್ಲ.

ನಾವು ಕೊಪ್ಪಳದಾಗ ಕಟ್ಟಿಸಿದಾಗ ಹಂಗ ಆತು. 30-40 ಪ್ಲಾಟು, ರಸ್ತಿ ಪಡುವಲಕ್ಕ. ರಸ್ತಿ ಕಡಿಂದ ಚಂದ ಕಾಣ್ಲಿ ಅಂತ ದೊಡ್ಡ ದೊಡ್ಡ ಕಿಟಕಿ ಇಟ್ಟು ಅವ್ವನ ಕೋಣಿ ಅಲ್ಲೇ ಮಾಡಿದ್ವಿ. ಏಪ್ರಿಲ್ ಬಂತು ನೋಡ್ರಿ, ರಾತ್ರಿ 10 ಆದ್ರೂ ಆ ಗ್ವಾಡಿ ಮ್ಯಾಲ ಕೈ ಇಟ್ರ ಕಾವು ಹೊಡಿತಿತ್ತು, ಫ್ಯಾನ್ ಹಾಕಿದ್ರ ಅದೇ ಬಿಸಿ ಗಾಳಿ ತಿರುಗಿ ತಿರುಗಿ ಬರ್ತಿತ್ತು, ಅವ್ವ "ಯಪ್ಪಾ, ರೊಟ್ಟಿ ಹಂಚಿನ ಬಾಜೂಕ ಮಲಗಿದಂಗ ಆಗೈತೋ" ಅಂದು ಚಾಪಿ ಸುತಗೊಂಡು ಮಾಳಿಗಿ ಏರಿದಾಕಿ ಮಳಿ ಬರೋ ತನಕ ಕೆಳಗ ಮಲಗಲಿಲ್ಲ. ಅದು ನನಗ ಇವತ್ತಿಗೂ ಚುಚ್ಚತೈತಿ.

ಸಂಜಿ ಬಿಸಲು ಓರಿಯಾಗಿ ಬರ್ತೈತ್ರಿ, ಛಜ್ಜಾದ ಕೆಳಗ ಹಾದು ನೆಟ್ಟಗ ಗ್ವಾಡಿಗಿ ಬಡಿತೈತಿ. ಇಟ್ಟಂಗಿ ಗ್ವಾಡಿ ಆ ಕಾವು ಕುಡದು, ನಾವು ಮಲಗೋ ಹೊತ್ತಿಗಿ ಒಳಗ ಬಿಡ್ತೈತಿ.

ಈಗ ತಮ್ಮನೂ ಪ್ಲಾಟ್ ತಗೊಂಡಾನ, ಅದೂ ಪಡುವಲ ರಸ್ತಿದಾ. ಈ ಸಲ ಗೌಂಡಿನ್ನ ಕರಿಯೋಕಿಂತ ಮೊದ್ಲ 5 ಅಡಿ ಕೋಲೊಂದು ಪ್ಲಾಟಿನ ನಡುವ ನೆಟ್ವಿ. ಡಿಸೆಂಬರ್ ಕೊನಿಗಿ ಮಧ್ಯಾಹ್ನ ಅದರ ನೆರಳು 4 ಅಡಿ ಉತ್ತರಕ್ಕ ಬಿತ್ತು. ಅಂದ್ರ ದಕ್ಷಿಣದ ಬಾಜೂದವ್ರು ನಾಳಿ 20 ಅಡಿ ಎತ್ತರ ಕಟ್ಟಿದ್ರ, ಚಳಿಗಾಲದಾಗ 16 ಅಡಿ ನೆರಳು ನಮ್ಮ ಕಡಿ ಬರ್ತೈತಿ, ಮೆಣಸಿನಕಾಯಿ ಒಣಗಿಸೋ ಅಂಗಳ ಅಲ್ಲಿ ಇಡಾಕ ಆಗಂಗಿಲ್ಲ. ಅದೇ ಮೇ ಮೊದಲ ವಾರದಾಗ ಮಧ್ಯಾಹ್ನ 12-20ರ ಸುಮಾರು ಸೂರ್ಯ ನಟ್ಟ ನೆತ್ತಿ ಮ್ಯಾಲ ಇದ್ದ, ಕೋಲಿನ ನೆರಳು ಬುಡದಾಗ ಮುದುಡಿತ್ತು. ಅಲ್ಲಿಂದ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ಒಂದೀಟು ಉತ್ತರಕ್ಕ ವಾಲಿರ್ತಾನ. ಉತ್ತರದ ಗ್ವಾಡಿಗಿ ಬಿಸಲ ಬೀಳಂಗಿಲ್ಲ ಅಂತಾರಲ್ಲ, ಅದು ನಮ್ಮ ಕಡಿ ಪೂರ್ತಿ ಖರೆ ಅಲ್ರಿ, ಅಲ್ಲೂ ಛಜ್ಜಾ ಬೇಕು.

ಆಮ್ಯಾಲ ಸುಣ್ಣದ ಪುಡಿಲೆ ಕೋಣಿ ಎಲ್ಲಾ ಗೆರಿ ಹೊಡದು, ಸಂಜಿ 4ಕ್ಕ ಒಬ್ಬೊಬ್ರು ಒಂದೊಂದು ಕೋಣ್ಯಾಗ ನಿಂತ್ವಿ. ಮಾರಿ ಮ್ಯಾಲ ಬಿಸಲು ಬಡಿಯೋದು ಎಲ್ಲಿ ಅಂತ ಕಾಗದದಾಗ ಕಾಣಂಗಿಲ್ರಿ, ನಿಂತ್ರ ಗೊತ್ತಾಗ್ತೈತಿ.

ವಾಸ್ತು ಬಿಡ್ರಿ ಅಂತ ನಾ ಹೇಳಂಗಿಲ್ಲ, ನಮ್ಮ ಮನ್ಯಾಗ ಎಲ್ಲಾರೂ ನೋಡ್ತೀವಿ. ಆಗ್ನೇಯಕ್ಕ ಅಡಗಿಮನಿ ಅಂದ್ರ ನನಗ ಭಾಳ ಸೇರ್ತೈತಿ, ಮುಂಜಾನಿ ಬಿಸಲು ಸಿಗ್ತೈತಿ, ಜೂನ್‌ದಿಂದ ಪಡುವಲ ಗಾಳಿ ಬೀಸೋ ಮುಂದ ಒಗ್ಗರಣಿ ಹೊಗಿ ಪಡಸಾಲಿಗಿ ಬರ್ದ ಹೊರಗ ಹೋಗ್ತೈತಿ. ತೊಂದ್ರಿ ಬರೋದು ನೈರುತ್ಯದ ಬೆಡ್‌ರೂಮಿಗಿ, ಅದಕ್ಕ ದಕ್ಷಿಣ ಪಡುವಲ ಎರಡೂ ಗ್ವಾಡಿ ಸುಡ್ತಾವ. ತಮ್ಮ ಕೋಣಿ ಅಲ್ಲೇ ಇಟ್ಟ, ಆದ್ರ ಮೆಟ್ಟಲಾ ಪಡುವಲ ಗ್ವಾಡಿಗಿ ಹೊರಗಿಂದ ಹತ್ತಿಸಿ ಬಚ್ಚಲಾನೂ ಅದೇ ಸಾಲಿನ್ಯಾಗ ತಗೊಂಡ, ಬಿಸಲು ಮೊದ್ಲ ಅವಕ್ಕ ಬಡೀಲಿ ಅಂತ. ಹಳೇ ಮನಿಗಳಂಗ ಮುಂಬಾಗಲಾ ಹಿತ್ತಲ ಬಾಗಲಾ ಎದುರಾಬದುರಾ ಇಟ್ಟಾನ, ಗಾಳಿ ಒಳಗ ಬಂದ್ರ ಸಾಲದು, ಹೊರಗ ಹೋಗಾಕೂ ದಾರಿ ಬೇಕಲ್ರಿ.

ಮನಿ ಹಿಂದಕ್ಕ ಸರಿಸಿ ರಸ್ತಿ ಕಡಿ ಜಾಗ ಹೆಚ್ಚು ಬಿಟ್ಟಾನ, ಬೇವಿನ ಗಿಡಕ್ಕ. ಅವಂದು ಎರಿ ಮಣ್ಣು, ಮಳಿಗಿ ಉಬ್ಬತೈತಿ ಬ್ಯಾಸಗ್ಯಾಗ ಬಿರಿತೈತಿ, ಗಿಡದ ಬೇರು ನೀರು ಎಳದ್ರ ಇನ್ನೂ ಕುಗ್ಗತೈತಿ, ಅದಕ್ಕ ಪಾಯಕ್ಕ ಅಂಟಿಸಿ ಗಿಡ ಹಚ್ಚಬ್ಯಾಡ್ರಿ. ಇವ ಕಾಂಪೌಂಡ್ ಆಚೆ ರಸ್ತಿ ಅಂಚಿಗಿ ಹಚ್ಚ್ಯಾನ.

ಈಗಷ್ಟ ಪಾಯ ತೆಗದಾರ. ಅವ್ವ ದಿನಾ ಸಂಜಿಮುಂದ ಹೋಗಿ ಆ ಸಸಿಗಿ ಒಂದು ಕೊಡ ನೀರು ಹಾಕಿ ಬರ್ತಾಳ. ಬರ್ತೀನ್ರಿ, ನಮಸ್ಕಾರ.